ಆರ್-12 ತೆಗೆದು ಆರ್-134ಎ ತುಂಬಿಸಿದ ಹಳೇ ಪೋರ್ಷೆಯಲ್ಲಿ ಎಸಿ ತಂಪಾಗದಿದ್ದರೆ: ದೋಷ ಹುಡುಕುವ ಕ್ರಮ

ಹಳೇ ಆರ್-12 ಗ್ಯಾಸ್‌ನ ಎಸಿಗೆ ಅದರ ಬದಲಿಗೆ ಬಂದ ಆರ್-134ಎ ಗ್ಯಾಸ್ ತುಂಬಿಸಿದ ಕಾರುಗಳ ಬಗ್ಗೆ ನಮ್ಮ ತುಮಕೂರಿನಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. "ಹೈವೇಲಿ ಪರವಾಗಿಲ್ಲ ಅಣ್ಣ, ಬಟವಾಡಿ ಹತ್ರ ಟ್ರಾಫಿಕ್‌ನಲ್ಲಿ ನಿಂತ್ರೆ ಬರೀ ಬಿಸಿಗಾಳಿ. ಇನ್ನೊಂದಿಷ್ಟು ಗ್ಯಾಸ್ ಹಾಕ್ಬಿಡಿ." ದೂರು ನಿಜ, ಕೇಳುವ ಪರಿಹಾರ ತಪ್ಪು. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಬಹುಪಾಲು ಸಲ ಗ್ಯಾಸ್ ಕಮ್ಮಿಯಾಗಿರುವುದಿಲ್ಲ. ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್ ತನ್ನ ಶಾಖ ಹೊರಗೆ ಬಿಡಲಾಗದೆ ಒದ್ದಾಡುತ್ತಿರುತ್ತದೆ. ಅದರ ಮೇಲೆ ಇನ್ನೂರು ಗ್ರಾಂ ತುರುಕಿದರೆ ಹೈ ಸೈಡ್ (ಕಂಪ್ರೆಸರ್‌ನಿಂದ ಕಂಡೆನ್ಸರ್ ಕಡೆಗೆ ಹೋಗುವ ಭಾಗ) ಪ್ರೆಶರ್ ಇನ್ನೂ ಏರುತ್ತದೆ, ಗ್ಯಾಸ್ ಒತ್ತುವ ಕಂಪ್ರೆಸರ್ ಬಿಸಿಯಾಗುತ್ತದೆ, ಅದರ ಕ್ಲಚ್ ಜಾರುತ್ತದೆ, ಕೊನೆಗೆ ಶಾಫ್ಟ್ ಸೀಲ್ ಹೋಗುತ್ತದೆ. ಗ್ಯಾಸ್ ಕ್ಯಾನಿಗೆ ಕೈ ಹಾಕುವ ಮುಂಚೆ ಏನೇನು ನೋಡಬೇಕು ಅನ್ನುವುದಕ್ಕಾಗಿಯೇ ಈ ಬರಹ.

ಉದಾಹರಣೆಗೆ ಇಟ್ಟುಕೊಂಡಿರುವುದು 1978ರಿಂದ 1989ರ ನಡುವಿನ ಪೋರ್ಷೆ 911, ಅಂದರೆ ಎಸ್‌ಸಿ ಮತ್ತು 3.2 ಕ್ಯಾರೆರಾ. ಗ್ಯಾಸ್ ಬದಲಾವಣೆಯಿಂದ ಹೆಚ್ಚು ನರಳುವ ಕಾರು ಇದೇ. ಕ್ರಮ ಮಾತ್ರ ಪೋರ್ಷೆ 944ಕ್ಕೂ, ಮೊದಲ ತಲೆಮಾರಿನ ಮಜ್ದಾ ಮಿಯಾಟಾಕ್ಕೂ ಹೊಂದುತ್ತದೆ. ನಮ್ಮ ಕಾಂಟೆಸ್ಸಾ, ಪ್ರೀಮಿಯರ್ 118 ಎನ್‌ಇ ಇಟ್ಟುಕೊಂಡಿರುವವರಿಗೂ ಅಷ್ಟೇ ಉಪಯೋಗ.

ಗ್ಯಾಸ್ ಬದಲಾದರೆ ಒಳಗೆ ಏನಾಗುತ್ತದೆ

ಕಾರಿನೊಳಗಿನ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಕಡೆ ಎರಡು ಗ್ಯಾಸ್‌ಗೂ ದೊಡ್ಡ ವ್ಯತ್ಯಾಸವಿಲ್ಲ. 0 ಡಿಗ್ರಿಯಲ್ಲಿ ಆರ್-12 ಸುಮಾರು 30 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ) ತೋರಿಸಿದರೆ ಆರ್-134ಎ ಸುಮಾರು 28. ಕಂಡೆನ್ಸರ್ ಕಡೆ ಬನ್ನಿ. 60 ಡಿಗ್ರಿಯಲ್ಲಿ ಆರ್-12 ಸುಮಾರು 207 ಪಿಎಸ್‌ಐ, ಆರ್-134ಎ ಸುಮಾರು 229. ಬಿಸಿ ಹೆಚ್ಚಾದಷ್ಟೂ ಈ ಅಂತರ ಬೆಳೆಯುತ್ತದೆ. ಅದೇ ಕಂಡೆನ್ಸರ್, ಅದೇ ಫ್ಯಾನ್, ಆದರೆ ಕಂಪ್ರೆಸರ್ ತಳ್ಳಬೇಕಾದ ಭಾರ ಮಾತ್ರ ಜಾಸ್ತಿ. ಕಾರ್ಖಾನೆಯಲ್ಲೇ ಹೊಸ ಗ್ಯಾಸ್‌ಗೆಂದು ತಯಾರಾದ ಕಾರುಗಳಿಗೆ ದೊಡ್ಡ ಕಂಡೆನ್ಸರ್ ಕೊಟ್ಟಿದ್ದು ಇದಕ್ಕೇ.

911ರಲ್ಲಿ ಇದು ಯಾಕೆ ಇನ್ನೂ ಕಷ್ಟ? ಎಂಜಿನ್ ಹಿಂದೆ, ಕೂಲಿಂಗ್ ಕಾಯಿಲ್ ಮುಂದೆ. ಕಂಪ್ರೆಸರ್‌ನಿಂದ ಹೊರಟ ಬಿಸಿ ಗ್ಯಾಸ್ ಮೊದಲು ಹಿಂದಿನ ಎಂಜಿನ್ ಮುಚ್ಚಳದಲ್ಲಿರುವ ಕಂಡೆನ್ಸರ್‌ಗೆ ಹೋಗುತ್ತದೆ, ಅಲ್ಲಿಂದ ಕಾರಿನ ಉದ್ದಕ್ಕೂ ಸಾಗಿ ಮುಂಬಂಪರ್ ಹಿಂದಿನ ಎರಡನೇ ಕಂಡೆನ್ಸರ್‌ಗೆ, ಆಮೇಲೆ ತೇವ ಹೀರುವ ಡ್ರೈಯರ್, ದ್ರವದ ಪ್ರೆಶರ್ ಇಳಿಸಿ ಒಳಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ಕೂಲಿಂಗ್ ಕಾಯಿಲ್. ಮತ್ತೆ ಅಷ್ಟೇ ಉದ್ದ ಹಿಂದಕ್ಕೆ. ಹಿಂದಿನ ಕಂಡೆನ್ಸರ್‌ಗೆ ತನ್ನದೇ ಫ್ಯಾನ್ ಇಲ್ಲ. ಎಂಜಿನ್ ತಣಿಸುವ ಫ್ಯಾನ್ ಎಳೆಯುವ ಗಾಳಿಯೇ ಅದರ ಮೂಲಕ ಹಾದುಹೋಗಬೇಕು. ಐಡಲ್‌ನಲ್ಲಿ ಆ ಫ್ಯಾನ್ ನಿಧಾನ, ಗಾಳಿ ಕಮ್ಮಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ನಿಲ್ಲಿಸಿದರೆ ಎಂಜಿನ್ನಿನ ಬಿಸಿಯೆಲ್ಲ ಮೇಲೇರಿ ಅದೇ ಕಂಡೆನ್ಸರ್‌ನಲ್ಲಿ ಕೂರುತ್ತದೆ. ಈ ವಿನ್ಯಾಸ ಆರ್-12 ಕಾಲದಲ್ಲೂ ನಮ್ಮ ಏಪ್ರಿಲ್ ಬಿಸಿಲಿಗೆ ಸಾಲುತ್ತಿರಲಿಲ್ಲ.

ಹಾಗಂತ ಆರ್-12ಗೇ ವಾಪಸ್ ಹೋಗೋಣ ಅನ್ನುವವರಿಗೆ ನೇರ ಉತ್ತರ: ಬೇಡ. ಓಝೋನ್ ಪದರಕ್ಕೆ ಮಾಡುವ ಹಾನಿಯಿಂದಾಗಿ 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ನಿಲ್ಲಿಸಲಾಯಿತು. ನಮ್ಮಂಥ ದೇಶಗಳಿಗೆ 2010 ಗಡುವಾಗಿತ್ತು. ಇವತ್ತು "ಒರಿಜಿನಲ್ ಆರ್-12" ಅಂತ ಮಾರುವ ಕ್ಯಾನಿನಲ್ಲಿ ಏನಿದೆ ಅನ್ನುವುದಕ್ಕೆ ಯಾವ ಭರವಸೆಯೂ ಇಲ್ಲ. ಅಡುಗೆ ಗ್ಯಾಸ್ ಬೆರೆಸಿದ ಮಿಶ್ರಣಗಳೂ ಇವೆ. ಕೂಲಿಂಗ್ ಕಾಯಿಲ್ ಸೋರಿದರೆ ಅದು ಬರುವುದು ಬ್ಲೋವರ್ ಗಾಳಿಯ ಜೊತೆ ಕೂತವರ ಮುಖಕ್ಕೇ. ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡಬಾರದು.

ಗೇಜ್ ಹಾಕುವ ಮುಂಚೆ

ಮೊದಲು ಮಾಲೀಕರನ್ನೋ, ಹಿಂದೆ ಕೆಲಸ ಮಾಡಿದವರನ್ನೋ ಮೂರು ವಿಷಯ ಕೇಳಿ: ಎಷ್ಟು ಗ್ರಾಂ ತುಂಬಿಸಿದ್ದು, ಯಾವ ಆಯಿಲ್ ಹಾಕಿದ್ದು, ಡ್ರೈಯರ್ ಬದಲಿಸಿದ್ದಾ ಇಲ್ಲವಾ. "ಗೇಜ್ ನೋಡಿ ತುಂಬಿಸಿದ್ವಿ", "ಆಯಿಲ್ ಮುಟ್ಟಿಲ್ಲ", "ಡ್ರೈಯರ್ ಹಳೇದೇ" ಅನ್ನುವ ಉತ್ತರ ಬಂದರೆ ಅರ್ಧ ದೋಷ ಅಲ್ಲೇ ಸಿಕ್ಕಂತೆ.

ಆಯಿಲ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಆರ್-12 ಜೊತೆ ಬಳಸುತ್ತಿದ್ದ ಮಿನರಲ್ ಆಯಿಲ್ ಆರ್-134ಎ ಜೊತೆ ಬೆರೆಯುವುದಿಲ್ಲ. ಗ್ಯಾಸ್ ಸುತ್ತುತ್ತದೆ, ಆಯಿಲ್ ಕಾಯಿಲ್‌ನ ತಳದಲ್ಲೋ ಕಂಡೆನ್ಸರ್‌ನಲ್ಲೋ ಕುಳಿತುಬಿಡುತ್ತದೆ, ಕಂಪ್ರೆಸರ್ ಒಣಗುತ್ತದೆ. 911ರಂಥ ಉದ್ದ ಪೈಪಿನ ಕಾರಿನಲ್ಲಿ ಆಯಿಲ್ ವಾಪಸ್ ಬರುವುದೇ ಕಷ್ಟ. ಹಳೇ ಆಯಿಲ್ ಪೂರ್ತಿ ತೊಳೆದಿಲ್ಲ ಅನ್ನುವ ಅನುಮಾನ ಇದ್ದರೆ ಎಸ್ಟರ್ ಆಯಿಲ್ ಸುರಕ್ಷಿತ. ಉಳಿದ ಒಂದಿಷ್ಟು ಮಿನರಲ್ ಆಯಿಲನ್ನು ಅದು ಸಹಿಸಿಕೊಳ್ಳುತ್ತದೆ. ಇನ್ನೊಂದು ಬಗೆಯ ಪಿಎಜಿ ಆಯಿಲ್ ಹಾಕುವುದಾದರೆ ಹಳೇದನ್ನು ಪೂರ್ತಿ ತೊಳೆದಿರಬೇಕು, ಡಬ್ಬಿಯ ಮುಚ್ಚಳ ತೆರೆದಿಡಬಾರದು, ಗಾಳಿಯ ತೇವವನ್ನು ಅದು ಬೇಗ ಹೀರಿಕೊಳ್ಳುತ್ತದೆ. ಡ್ರೈಯರ್ ಒಳಗಿನ ಹರಳು ಹೊಸ ಗ್ಯಾಸ್‌ಗೆ ಹೊಂದುವ ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಆಗಿರಬೇಕು. 911ರಲ್ಲಿ ಡ್ರೈಯರ್ ಎಡ ಮುಂಚಕ್ರದ ಮಡ್‌ಗಾರ್ಡ್ ಒಳಗೆ ಅಡಗಿರುವುದರಿಂದ ಅದನ್ನು ಬದಲಿಸದೆ ಬಿಡುವ ಚಾಳಿ ಇದೆ. ಬಿಚ್ಚಿ ನೋಡಿ.

ಆಮೇಲೆ ಕಣ್ಣಿನ ಕೆಲಸ. ಎಸಿ ಆನ್ ಮಾಡಿದ ಕೂಡಲೇ ಮುಂದಿನ ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯಾ? ಅದು ನೆಲಕ್ಕೆ ಹತ್ತಿರ ಇರುವುದರಿಂದ ಮಣ್ಣು, ಕಲ್ಲು, ನೀರು ಎಲ್ಲ ತಿನ್ನುತ್ತದೆ; ಮೋಟಾರ್ ಹಿಡಿದುಕೊಂಡಿರುವುದು ಸಾಮಾನ್ಯ. ಫಿನ್‌ಗಳ ನಡುವೆ ಟಾರ್ಚ್ ಬಿಟ್ಟು ನೋಡಿ. ಸುಗ್ಗಿಯ ಹೊತ್ತಿಗೆ ಗುಬ್ಬಿ, ಕೊರಟಗೆರೆ, ಮಧುಗಿರಿ ಕಡೆಯ ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡಿರುತ್ತಾರೆ. ಅದರ ಮೇಲೆ ಓಡಿದ ತಗ್ಗು ಕಾರಿನ ಮುಂದಿನ ಕಂಡೆನ್ಸರ್‌ನಲ್ಲಿ ಹೊಟ್ಟು ಒತ್ತಾಗಿ ತುಂಬಿಕೊಂಡಿರುತ್ತದೆ. ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತದೆ, ಒಳಗೆ ಗಾಳಿ ಹೋಗುವುದಿಲ್ಲ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ, ಆದ್ದರಿಂದ ಕಾರು ಎತ್ತಿದಾಗ ಅದನ್ನೂ ನೋಡಿಬಿಡಿ. ಕಂಡೆನ್ಸರ್ ತೊಳೆಯುವಾಗ ಪ್ರೆಶರ್ ವಾಶರ್ ಹತ್ತಿರ ಹಿಡಿಯಬೇಡಿ, ಫಿನ್ ಮಡಚಿಕೊಂಡರೆ ಮೊದಲಿಗಿಂತ ಕೆಡುತ್ತದೆ.

ಕ್ಲಚ್‌ಗೆ ಸಿಗುವ ಕರೆಂಟನ್ನೂ ಈಗಲೇ ಅಳೆಯಿರಿ. ನಲವತ್ತು ವರ್ಷದ ವೈರಿಂಗ್, ಕಪ್ಪಾದ ಫ್ಯೂಸ್ ಬಾಕ್ಸ್. ಎಂಜಿನ್ ಓಡುತ್ತಿರುವಾಗ ಮ್ಯಾಗ್ನೆಟ್ ಕ್ಲಚ್‌ನ ವೈರಿನಲ್ಲಿ 12 ವೋಲ್ಟ್‌ಗಿಂತ ಬಹಳ ಕೆಳಗಿದ್ದರೆ ಹೈ ಪ್ರೆಶರ್‌ನಲ್ಲಿ ಅದು ಜಾರುತ್ತದೆ. ಆಗ ಹೊಸ ರಿಲೇ, ಹೊಸ ಅರ್ತ್ ವೈರ್ ಬೇಕು, ಗ್ಯಾಸ್ ಅಲ್ಲ.

ನಿಂತ ಕಾರಿನ ಪ್ರೆಶರ್

ರಾತ್ರಿಯೆಲ್ಲ ನೆರಳಲ್ಲಿ ನಿಂತ ಕಾರಿಗೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಗೇಜ್ ಹಾಕಿ. ಹೈ ಸೈಡ್, ಲೋ ಸೈಡ್ (ಕೂಲಿಂಗ್ ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಬರುವ ಭಾಗ) ಎರಡೂ ಒಂದೇ ತೋರಿಸಬೇಕು. 20 ಡಿಗ್ರಿಗೆ ಸುಮಾರು 68, 25 ಡಿಗ್ರಿಗೆ ಸುಮಾರು 82, 30 ಡಿಗ್ರಿಗೆ ಸುಮಾರು 97 ಪಿಎಸ್‌ಐ. ಇವು ಸಮುದ್ರಮಟ್ಟದ ಅಂಕಿಗಳು. ತುಮಕೂರು ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಸೊನ್ನೆಗೆ ಹೊಂದಿಸಿದ ಗೇಜ್ ಸುಮಾರು 1.3 ಪಿಎಸ್‌ಐಯಷ್ಟು ಹೆಚ್ಚು ತೋರಿಸುತ್ತದೆ.

ಒಳಗೆ ಒಂದಿಷ್ಟಾದರೂ ದ್ರವ ಗ್ಯಾಸ್ ಉಳಿದಿದ್ದರೆ ಪ್ರೆಶರ್ ಉಷ್ಣತೆಯನ್ನು ಮಾತ್ರ ಅನುಸರಿಸುತ್ತದೆ, ಪ್ರಮಾಣವನ್ನಲ್ಲ. ಆದ್ದರಿಂದ "ನಿಂತಾಗ 80 ಇದೆ, ಗ್ಯಾಸ್ ಫುಲ್" ಅನ್ನುವುದು ತಪ್ಪು ಲೆಕ್ಕ. ಮೇಲಿನ ಅಂಕಿಗಳಿಗಿಂತ ತೀರಾ ಕಮ್ಮಿ ಇದ್ದರೆ ದ್ರವವೇ ಉಳಿದಿಲ್ಲ, ಸೋರಿಕೆ ಹುಡುಕಿ. ಹತ್ತು ಹದಿನೈದು ಪಿಎಸ್‌ಐ ಹೆಚ್ಚಿದ್ದರೆ ಒಳಗೆ ಗಾಳಿ ಸೇರಿದೆ. 25 ಡಿಗ್ರಿಯಲ್ಲಿ ಬಹಳ ಮೇಲೆ, 130ರ ಆಸುಪಾಸು ಇದ್ದರೆ ಯಾರೋ ಮನೆ ಎಸಿಯ ಆರ್-22 ಬೆರೆಸಿದ್ದಾರೆ. ಆದರೆ ಆರ್-12 ಮತ್ತು ಆರ್-134ಎ ಬೆರೆತಿದೆಯೇ ಎಂದು ಈ ಪರೀಕ್ಷೆ ಹೇಳಲಾರದು, 25 ಡಿಗ್ರಿಯಲ್ಲಿ ಎರಡರ ಪ್ರೆಶರ್ ಎರಡೇ ಪಿಎಸ್‌ಐ ಅಂತರದಲ್ಲಿದೆ. ಅನುಮಾನ ಇದ್ದರೆ ಗ್ಯಾಸ್ ಐಡೆಂಟಿಫೈಯರ್ ಯಂತ್ರ ಇರುವ ಕಡೆ ತೋರಿಸಿ. ನಕಲಿ ಆರ್-134ಎ ಸಿಲಿಂಡರ್‌ಗಳಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಅದು ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ಸೋಕಿದರೆ ಹೊತ್ತಿಕೊಳ್ಳುವಂಥ ವಸ್ತು ಆಗುತ್ತದೆ. ತೀರಾ ಅಗ್ಗದ ಸಿಲಿಂಡರ್ ಕೊಳ್ಳಬಾರದು ಅನ್ನುವುದಕ್ಕೆ ಇಷ್ಟು ಕಾರಣ ಸಾಕು.

ಬೆರಕೆ ಗ್ಯಾಸ್ ಅಥವಾ ಗಾಳಿ ಇದೆ ಎಂದಾದರೆ ರಿಕವರಿ ಯಂತ್ರದಿಂದ ಬೇರೆ ಸಿಲಿಂಡರ್‌ಗೆ ಎಳೆದುಕೊಳ್ಳಿ. ಗಾಳಿಗೆ ಬಿಡಬೇಡಿ. ಹಳೇ ಆರ್-12 ಒಂದು ಕಿಲೋ ಹೊರಗೆ ಬಿಟ್ಟರೆ ಭೂಮಿ ಬಿಸಿಯಾಗಿಸುವ ಲೆಕ್ಕದಲ್ಲಿ ಅದು ಹತ್ತು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಆರ್-134ಎ ಕೂಡ ಕಿಲೋಗೆ ಸುಮಾರು 1.4 ಟನ್.

ಓಡುವಾಗಿನ ಓದು

ಬಾನೆಟ್ ಮುಂದೆ ಅಂಗಡಿ ಫ್ಯಾನ್ ಇಡದೆ, ಬಾಗಿಲು ತೆರೆದು, ಬ್ಲೋವರ್ ಪೂರ್ತಿ ಇಟ್ಟು, 1500ರಿಂದ 2000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿ. ಹೊರಗೆ 35 ಡಿಗ್ರಿ ಇದ್ದರೆ ಲೋ ಸೈಡ್ 25ರಿಂದ 40, ಹೈ ಸೈಡ್ 210ರಿಂದ 250 ಪಿಎಸ್‌ಐ ಒಳಗೆ ಇದ್ದರೆ ಆರೋಗ್ಯ. ಹರಿಯುವ ಗ್ಯಾಸ್ ನೋಡಲು ಇರುವ ಗಾಜಿನ ಕಿಂಡಿ, ಅಂದರೆ ಸೈಟ್ ಗ್ಲಾಸ್‌ನ ಗುಳ್ಳೆಗಳನ್ನು ನಂಬಬೇಡಿ. ಆರ್-12ರಲ್ಲಿ ಗುಳ್ಳೆ ಹೋಗುವವರೆಗೆ ತುಂಬಿಸುತ್ತಿದ್ದರು, ಆರ್-134ಎಯಲ್ಲಿ ಸರಿಯಾಗಿ ತುಂಬಿದರೂ ಮಸುಕು, ಗುಳ್ಳೆ ಕಾಣಬಹುದು. ಗುಳ್ಳೆ ನೋಡಿಕೊಂಡು ತುಂಬಿಸಿದ ಕಾರೇ ಅತಿಯಾಗಿ ತುಂಬಿದ ಕಾರು.

ಲೋ, ಹೈ ಎರಡೂ ಏರಿದ್ದರೆ ಗ್ಯಾಸ್ ಜಾಸ್ತಿ, ಅಥವಾ ಗಾಳಿ ಸೇರಿದೆ, ಅಥವಾ ಕಂಡೆನ್ಸರ್ ಶಾಖ ಬಿಡುತ್ತಿಲ್ಲ. ಬದಲಾವಣೆ ಮಾಡಿದ ಕಾರುಗಳಲ್ಲಿ ಬಹುಪಾಲು ಇದೇ. ಎರಡೂ ಇಳಿದಿದ್ದರೆ ಗ್ಯಾಸ್ ಕಮ್ಮಿ, ಸೋರಿಕೆ. ಲೋ ಏರಿ ಹೈ ಇಳಿದು ಎರಡೂ ಹತ್ತಿರ ಬಂದಿದ್ದರೆ ಕಂಪ್ರೆಸರ್ ಒಳಗಿನ ವಾಲ್ವ್ ಹೋಗಿದೆ. ಲೋ ಸೊನ್ನೆಯ ಹತ್ತಿರ ಅಥವಾ ವ್ಯಾಕ್ಯೂಮ್‌ಗೆ ಇಳಿದಿದ್ದರೆ ದಾರಿಯಲ್ಲಿ ತಡೆ ಇದೆ. ಡ್ರೈಯರ್‌ಗೆ ಗ್ಯಾಸ್ ಬರುವ ಪೈಪ್, ಅಲ್ಲಿಂದ ಹೋಗುವ ಪೈಪ್ ಎರಡನ್ನೂ ಮುಟ್ಟಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಡೆ ಅಲ್ಲೇ. ಅಲ್ಲಿ ಸರಿಯಿದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್. ಎಸಿ ಆಫ್ ಮಾಡಿ ಕಾಲು ಗಂಟೆ ಬಿಟ್ಟು ಆನ್ ಮಾಡಿದಾಗ ಸ್ವಲ್ಪ ಹೊತ್ತು ತಂಪು ಬಂದು ಮತ್ತೆ ನಿಂತರೆ ಒಳಗೆ ತೇವ ಇದೆ: ವಾಲ್ವ್ ಬಾಯಲ್ಲಿ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುತ್ತಿದೆ. ತುಂಬಿಸುವ ಮುಂಚೆ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದುಹಾಕುವ ವ್ಯಾಕ್ಯೂಮ್ ಸರಿಯಾಗಿ ಹೊಡೆದಿಲ್ಲ, ಡ್ರೈಯರ್ ಹಳೇದು.

ನೀರಿನ ಪರೀಕ್ಷೆ

ಎರಡೂ ಗೇಜ್ ಏರಿದ್ದಾಗ ಗ್ಯಾಸ್ ಜಾಸ್ತಿಯೋ ಕಂಡೆನ್ಸರ್ ಸಾಲದೋ ಎಂದು ಬೇರ್ಪಡಿಸಲು ಇದಕ್ಕಿಂತ ಸುಲಭದ, ನಂಬಿಕೆಯ ದಾರಿ ಇಲ್ಲ. ಗೇಜ್ ಹಾಕಿಟ್ಟು, ಏರ್ ವೆಂಟ್‌ನಲ್ಲಿ ಥರ್ಮಾಮೀಟರ್ ಇಟ್ಟು, ಮುಂದಿನ ಕಂಡೆನ್ಸರ್ ಮೇಲೆ ಗಿಡಕ್ಕೆ ಔಷಧ ಹೊಡೆಯುವ ಸ್ಪ್ರೇಯರ್‌ನಿಂದ ನೀರು ಹಿಡಿಯಿರಿ. 911ರ ಹಿಂದಿನ ಕಂಡೆನ್ಸರ್‌ಗೆ ಮಾತ್ರ ನೀರು ಸುರಿಯಬೇಡಿ, ಕೆಳಗೆ ಬಿಸಿ ಎಂಜಿನ್, ಇಗ್ನಿಷನ್ ವೈರುಗಳಿವೆ. ಅಲ್ಲಿಗೆ ಸಣ್ಣ ಮಂಜಿನಷ್ಟೇ ಸಾಕು.

ಒಂದೆರಡು ನಿಮಿಷದಲ್ಲಿ ಹೈ ಸೈಡ್ 300ರ ಹತ್ತಿರದಿಂದ 220ರ ಕಡೆಗೆ ಇಳಿದು, ವೆಂಟ್ ಗಾಳಿಯೂ ನಾಲ್ಕೈದು ಡಿಗ್ರಿ ತಣ್ಣಗಾದರೆ ತೀರ್ಮಾನ ಖಚಿತ: ಗ್ಯಾಸ್ ಪಾಡಿಗೆ ಗ್ಯಾಸ್ ಇರಲಿ, ಕಂಡೆನ್ಸರ್‌ಗೆ ಗಾಳಿ ಬೇಕು. ಹೈ ಇಳಿದರೂ ವೆಂಟ್ ತಣ್ಣಗಾಗದಿದ್ದರೆ ದೋಷ ಕ್ಯಾಬಿನ್ ಕಡೆ ಇದೆ. ನೀರು ಹೊಡೆದರೂ ಹೈ ಅಷ್ಟೇನೂ ಇಳಿಯದಿದ್ದರೆ ಗಾಳಿ ಸೇರಿರುವುದು ಅಥವಾ ವಿಪರೀತ ತುಂಬಿರುವುದು. ರಿಕವರಿ ಮಾಡಿ ತೂಕ ನೋಡಿ.

ಕಂಡೆನ್ಸರ್ ಸಾಲದು ಎಂದು ಗೊತ್ತಾದ ಮೇಲೆ ಖರ್ಚು ಎಲ್ಲಿ ಮಾಡಬೇಕು? ನನ್ನ ಅಭಿಪ್ರಾಯ ಸ್ಪಷ್ಟ. ಮೊದಲು ಮುಂದಿನ ಫ್ಯಾನ್ ಗಟ್ಟಿ ಮಾಡಿ, ರಿಲೇ ಹಾಕಿ. ಆಮೇಲೆ ಹಳೇ ಮಾದರಿಯ ಮುಂದಿನ ಕಂಡೆನ್ಸರ್ ತೆಗೆದು ಪ್ಯಾರಲಲ್ ಫ್ಲೋ (ಅಕ್ಕಪಕ್ಕದ ಹಲವು ಚಪ್ಪಟೆ ನಾಳಗಳಲ್ಲಿ ಗ್ಯಾಸ್ ಹರಿಯುವ) ಕಂಡೆನ್ಸರ್ ಹಾಕಿಸಿ. ಅಷ್ಟೇ ಜಾಗದಲ್ಲಿ ಅದು ಬಹಳ ಹೆಚ್ಚು ಶಾಖ ಬಿಡುತ್ತದೆ. ಸಾಧ್ಯವಿದ್ದರೆ ಹಿಂಚಕ್ರದ ಮಡ್‌ಗಾರ್ಡ್ ಒಳಗೆ ಫ್ಯಾನ್ ಸಮೇತ ಇನ್ನೊಂದು ಚಿಕ್ಕ ಕಂಡೆನ್ಸರ್. ಹೊಸ ಕಂಪ್ರೆಸರ್‌ಗೆ ಹಣ ಸುರಿಯುವುದು ಕೊನೆಯ ಮಾತು. ಕಂಡೆನ್ಸರ್ ಬದಲಿಸದೆ ದೊಡ್ಡ ಕಂಪ್ರೆಸರ್ ಕೂರಿಸಿದರೆ ತೊಂದರೆ ಇನ್ನೂ ಬೆಳೆಯುತ್ತದೆ. ಪ್ರೆಶರ್ ಮಿತಿಮೀರಿದರೆ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಕಟ್-ಔಟ್ ಸ್ವಿಚ್ ಇಲ್ಲದ ಕಾರಾದರೆ ಅದನ್ನು ಹಾಕದೆ ಕೆಲಸ ಮುಗಿಸಬೇಡಿ.

ಗೇಜ್ ಸರಿಯಿದೆ, ಕಾರಿನೊಳಗೆ ಮಾತ್ರ ಸೆಕೆ

911ರಲ್ಲಿ ಹೀಟರ್‌ಗೆ ಬಿಸಿ ಬರುವುದು ಸೈಲೆನ್ಸರ್ ಪೈಪಿನ ಸುತ್ತಲಿನ ಹೀಟ್ ಎಕ್ಸ್‌ಚೇಂಜರ್‌ನಿಂದ. ಅದನ್ನು ತಡೆಯುವ ಫ್ಲಾಪ್ ತುಕ್ಕು ಹಿಡಿದು ಪೂರ್ತಿ ಮುಚ್ಚದಿದ್ದರೆ ಎಸಿ ತಂಪಿನ ಜೊತೆಗೇ ಬಿಸಿಗಾಳಿ ಒಳಗೆ ನುಗ್ಗುತ್ತದೆ. ಕಾಲಿನ ಹತ್ತಿರ ಕೈ ಇಟ್ಟು ನೋಡಿ. 944ರಲ್ಲಾದರೆ ವ್ಯಾಕ್ಯೂಮ್‌ನಿಂದ ನಡೆಯುವ ಹೀಟರ್ ವಾಲ್ವ್ ಮೇಲೆ ಅನುಮಾನ ಪಡಿ; ಅದರ ಹೋಸನ್ನು ತಾತ್ಕಾಲಿಕವಾಗಿ ಬಿಗಿದು ಓಡಿಸಿದರೆ ಗೊತ್ತಾಗುತ್ತದೆ.

ಶಿರಾ ಕಡೆ ಅರ್ಧ ಗಂಟೆ ಓಡಿಸಿದ ಮೇಲೆ ಗಾಳಿಯೇ ಕಮ್ಮಿಯಾಗುತ್ತಾ ಬಂದು, ಎಸಿ ಆಫ್ ಮಾಡಿದರೆ ಮತ್ತೆ ಬರುತ್ತದೆ ಎಂದರೆ ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತಿದೆ. ಥರ್ಮೋಸ್ಟಾಟ್‌ನ ತೆಳು ತಾಮ್ರದ ನಾಳ ಕಾಯಿಲ್ ಒಳಕ್ಕೆ ಸರಿಯಾಗಿ ಹೋಗಿಲ್ಲ, ಅಥವಾ ಥರ್ಮೋಸ್ಟಾಟ್ ಕಟ್ ಮಾಡುತ್ತಿಲ್ಲ.

ಸೋರಿಕೆ

ಆರ್-134ಎಯ ಅಣು ಚಿಕ್ಕದು. ಹಳೇ ರಬ್ಬರ್ ಹೋಸುಗಳು ಆರ್-12 ಹಿಡಿದಿಟ್ಟಷ್ಟು ಇದನ್ನು ಹಿಡಿದಿಡಲಾರವು. ಯಾವ ಜಾಯಿಂಟೂ ಸೋರದೆಯೇ ಹೋಸಿನ ಮೈಯಿಂದಲೇ ಗ್ಯಾಸ್ ಜಿನುಗುತ್ತದೆ. 911ರಲ್ಲಿ ಹೋಸ್ ಉದ್ದ, ಆದ್ದರಿಂದ ನಷ್ಟವೂ ಹೆಚ್ಚು. ಒಳಗೆ ನೈಲಾನ್ ಪದರವಿರುವ ಬ್ಯಾರಿಯರ್ ಹೋಸ್ ಹಾಕಿಸಿ, ಬಿಚ್ಚಿದ ಪ್ರತಿ ಜಾಯಿಂಟ್‌ಗೂ ಎಚ್‌ಎನ್‌ಬಿಆರ್ ರಬ್ಬರಿನ ಓ-ರಿಂಗ್ ಹಾಕಿ, ಆಯಿಲ್ ಸವರಿ ಕೂರಿಸಿ.

ಪರೀಕ್ಷೆಗೆ ಒಣ ನೈಟ್ರೋಜನ್ 150 ಪಿಎಸ್‌ಐ ತುಂಬಿಸಿ ರಾತ್ರಿ ಬಿಡಿ, ಬೆಳಿಗ್ಗೆ ಅದೇ ಉಷ್ಣತೆಯಲ್ಲಿ ನೋಡಿ, ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಳಸಬೇಡಿ. ತೇವ ತುಂಬುತ್ತದೆ, ಆರ್-134ಎ ಉಳಿದಿದ್ದರೆ ಹೆಚ್ಚಿನ ಪ್ರೆಶರ್‌ನಲ್ಲಿ ಗಾಳಿಯೊಂದಿಗೆ ಬೆರೆತು ಹೊತ್ತಿಕೊಳ್ಳುವ ಅಪಾಯವೂ ಇದೆ. ಆಕ್ಸಿಜನ್ ಅಂತೂ ಯಾವತ್ತೂ ಬೇಡ.

ವ್ಯಾಕ್ಯೂಮ್ ಮತ್ತು ತೂಕ

ಪುಸ್ತಕಗಳಲ್ಲಿ 29 ಇಂಚು (ಪಾದರಸದ ಮಟ್ಟದ ಲೆಕ್ಕ) ವ್ಯಾಕ್ಯೂಮ್ ಬರಬೇಕು ಎಂದಿರುತ್ತದೆ. ತುಮಕೂರಿನಲ್ಲಿ ಎಷ್ಟೇ ಒಳ್ಳೆ ಪಂಪ್ ಇದ್ದರೂ ಮುಳ್ಳು ಸುಮಾರು 27ಕ್ಕೆ ನಿಲ್ಲುತ್ತದೆ. ಇಲ್ಲಿನ ವಾತಾವರಣದ ಒತ್ತಡವೇ ಅಷ್ಟು. ಚಿಕ್ಕಬಳ್ಳಾಪುರದಲ್ಲಿ ಇನ್ನೊಂದಿಷ್ಟು ಕಮ್ಮಿ. 29 ಬರಲಿಲ್ಲ ಎಂದು ಇಲ್ಲದ ಸೋರಿಕೆ ಹುಡುಕುತ್ತಾ ದಿನ ಕಳೆಯಬೇಡಿ. ಆದರೆ 26ಕ್ಕೆ ನಿಂತರೆ ಸಾಕು ಅಂದುಕೊಳ್ಳಲೂಬೇಡಿ. ಆ ಮಟ್ಟದಲ್ಲಿ ನೀರು ಕುದಿಯುವುದು ಸುಮಾರು 28 ಡಿಗ್ರಿಗೆ. ಡಿಸೆಂಬರ್ ಬೆಳಿಗ್ಗೆಯ ತಣ್ಣನೆ ಕಾರಿನಲ್ಲಿ ತೇವ ಹೊರಡುವುದೇ ಇಲ್ಲ. ಒಳಗೆ ಉಳಿದ ಅತಿ ಸಣ್ಣ ಒತ್ತಡವನ್ನೂ ತೋರಿಸುವ ಮೈಕ್ರಾನ್ ಗೇಜ್ ಇದ್ದರೆ 500 ಮೈಕ್ರಾನ್‌ವರೆಗೆ ಎಳೆದು, ಪಂಪ್ ಮುಚ್ಚಿ, ಏರುತ್ತದೆಯಾ ನೋಡಿ. ಚಳಿಗಾಲದಲ್ಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿ ಪಂಪ್ ಓಡಿಸುವುದು ಒಳ್ಳೆಯದು.

ತುಂಬಿಸುವುದು ತೂಕದ ಮೇಲೆ ಮಾತ್ರ. ಕಾರಿನ ಚೀಟಿಯಲ್ಲಿ ಬರೆದ ಆರ್-12 ಪ್ರಮಾಣದ ಶೇ 75ರಿಂದ ಶುರು ಮಾಡಿ. 1000 ಗ್ರಾಂ ಎಂದಿದ್ದರೆ 750. ಕಂಡೆನ್ಸರ್ ಬದಲಿಸಿದ್ದರೆ ಚೀಟಿಯ ಲೆಕ್ಕ ಅಂದಾಜು ಮಾತ್ರ. ಅಲ್ಲಿಂದ 50 ಗ್ರಾಂ, 50 ಗ್ರಾಂ ಸೇರಿಸುತ್ತಾ ಪ್ರತಿ ಸಲ ಐದು ನಿಮಿಷ ಬಿಟ್ಟು ವೆಂಟ್ ಉಷ್ಣತೆ ಮತ್ತು ಹೈ ಸೈಡ್ ಎರಡನ್ನೂ ಬರೆದುಕೊಳ್ಳಿ. ಒಂದು ಹಂತದಲ್ಲಿ ವೆಂಟ್ ಇಳಿಯುವುದು ನಿಲ್ಲುತ್ತದೆ, ಹೈ ಮಾತ್ರ ಏರುತ್ತಲೇ ಇರುತ್ತದೆ. ಅದರ ಹಿಂದಿನ ಹಂತವೇ ಈ ಕಾರಿನ ಸರಿಯಾದ ತೂಕ. ಬಹುತೇಕ ಕಾರು ಶೇ 80ರ ಆಚೀಚೆ ನಿಲ್ಲುತ್ತವೆ. ಎಂಜಿನ್ ಓಡುತ್ತಿರುವಾಗ ಲೋ ಸೈಡ್‌ನಿಂದ ಮಾತ್ರ ತುಂಬಿಸಿ. ಆಗ ಹೈ ಸೈಡ್ ವಾಲ್ವ್ ತೆರೆದರೆ ಪ್ರೆಶರ್ ಕ್ಯಾನಿಗೆ ನುಗ್ಗಿ ಕ್ಯಾನ್ ಒಡೆಯುತ್ತದೆ. ಕನ್ನಡಕ, ಕೈಗವಸು ಕಡ್ಡಾಯ.

ಆಮೇಲೆ ರಸ್ತೆ ಪರೀಕ್ಷೆ, ಅದೂ ಮಧ್ಯಾಹ್ನ. ಕ್ಯಾತಸಂದ್ರದಿಂದ ಹೈವೇಯಲ್ಲಿ ಓಡಿಸಿದರೆ ಯಾವ ಎಸಿಯೂ ಪಾಸಾಗುತ್ತದೆ. ದೇವರಾಯನದುರ್ಗದ ಏರಿನಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತಿಸಿ, ಮೇಲೆ ಐದು ನಿಮಿಷ ಐಡಲ್‌ನಲ್ಲಿ ನಿಲ್ಲಿಸಿ, ಮತ್ತೆ ಬಿ.ಎಚ್. ರಸ್ತೆಯ ಸಂಜೆ ಟ್ರಾಫಿಕ್‌ನಲ್ಲಿ ತನ್ನಿ. ನಿಂತಾಗ ವೆಂಟ್ ಉಷ್ಣತೆ ಎಷ್ಟು ಏರಿತು, ಹೊರಟ ಮೇಲೆ ಎಷ್ಟು ಹೊತ್ತಿಗೆ ಇಳಿಯಿತು ಅನ್ನುವ ಎರಡು ಅಂಕಿ ಬರೆದುಕೊಂಡರೆ ಮುಂದಿನ ಸಲ ಹೋಲಿಸಲು ಆಧಾರ ಇರುತ್ತದೆ.

ಹಳೇ ಆರ್-12 ಪೋರ್ಟ್‌ಗಳ (ಗ್ಯಾಸ್ ತುಂಬಿಸುವ ಬಾಯಿಗಳ) ಮೇಲೆ ಆರ್-134ಎ ಅಡಾಪ್ಟರ್ ಬಿಗಿದು ಮುಚ್ಚಳ ಹಾಕಿ. ಲೋ ಕಡೆ 13 ಮಿ.ಮೀ., ಹೈ ಕಡೆ 16 ಮಿ.ಮೀ. ಗ್ಯಾಸ್ ಯಾವುದು, ಎಷ್ಟು ಗ್ರಾಂ, ಯಾವ ಆಯಿಲ್, ಯಾವ ತಾರೀಖು ಎಂದು ಬರೆದ ಚೀಟಿಯನ್ನು ಎಂಜಿನ್ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ಮಾರ್ಚ್‌ನಲ್ಲಿ ಸೆಕೆ ಶುರುವಾಗುವ ಮುಂಚೆ ಗ್ಯಾಸ್ ರಿಕವರಿ ಮಾಡಿ ತೂಗಿ ನೋಡಿ. ಚೀಟಿಯ ತೂಕಕ್ಕಿಂತ ನೂರು ಗ್ರಾಂಗಿಂತ ಹೆಚ್ಚು ಕಮ್ಮಿಯಾಗಿದ್ದರೆ ತುಂಬಿಸುವ ಮುಂಚೆ ಹೋಸುಗಳನ್ನೂ ಕಂಪ್ರೆಸರ್‌ನ ಶಾಫ್ಟ್ ಸೀಲನ್ನೂ ನೋಡಿ.